ಪೆರಿಹಾನಳ ಪಾಲಿನ ನೀರು

ಪೆರಿಹಾನ್ ಇದುವರೆಗೆ ಹನ್ನೊಂದು ಸಲ ಸತ್ತಿದ್ದಾಳೆ. ಲೆಕ್ಕ ನನ್ನ ಹತ್ತಿರ ಪಕ್ಕಾ ಇದೆ. ಮೊದಲನೆಯ ಸಲ ಸತ್ತಾಗ ತಲೆಗೆ ಕಟ್ಟಿಕೊಂಡಿದ್ದ ಹೂವಿನ ವಸ್ತ್ರ ನನ್ನದೇ; ಆ ನಕಲಿ ರಕ್ತ ಎಷ್ಟು ತೊಳೆದರೂ ಹೋಗಲಿಲ್ಲ. ಮೂರು ಸಲ ಅಣ್ಣ ಕೊಂದ, ಎರಡು ಸಲ ಗಂಡ ಕೊಂದ, ಒಂದು ಸಲ ತಾನೇ ಬಾಲ್ಕನಿಯಿಂದ ಹಾರಿದಳು. ಉಳಿದ ಸಲವೆಲ್ಲ ಕಥೆ ಶುರುವಾಗುವ ಮುಂಚೆಯೇ ಸತ್ತು ಬಿದ್ದಿದ್ದಳು, ಪೊಲೀಸರು ಬಂದು ಹೊದಿಕೆ ಎತ್ತಿ ನೋಡಿದರು ಅಷ್ಟೆ. ಬರ್ಲಿನ್‌ನಲ್ಲಿ ನಮ್ಮ ಟರ್ಕಿಯವರ ಹುಡುಗಿಯೊಬ್ಬಳು ನಟಿಯಾದರೆ ಅವಳಿಗೆ ಸಿಗುವ ಕೆಲಸ ಎರಡೇ: ಸಾಯುವುದು, ಇಲ್ಲವೆ ನೆಲ ಒರೆಸುವುದು. ಪೆರಿ ಎರಡನ್ನೂ ಮನಸ್ಸಿಟ್ಟು ಮಾಡಿದ್ದಾಳೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಆದರೂ ಅವಳಷ್ಟು ಚೆನ್ನಾಗಿ ಸಾಯುವವರನ್ನು ನಾನು ಕಂಡಿಲ್ಲ.

ನಾನು ಸಬಿಹಾ. ಬರ್ಲಿನ್ನಿನ ವೆಡ್ಡಿಂಗ್ ಎಂಬ ಬಡಾವಣೆಯ ನಮ್ಮ ಬೀದಿಯಲ್ಲಿ ಹಳೆ ಬಟ್ಟೆ ಬಿಚ್ಚಿ ಅಳತೆಗೆ ಸರಿಮಾಡುವ ಅಂಗಡಿ ಇಟ್ಟಿದ್ದೇನೆ. ಅದಕ್ಕೂ ಮೊದಲು ಬಲ್ಬ್ ಕಾರ್ಖಾನೆಯಲ್ಲಿ ಪೆರಿಯ ತಾಯಿ ಗುಲ್ಸೂಮಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ಕೂದಲೆಳೆಯಂಥ ತಂತಿ ಜೋಡಿಸುತ್ತಿದ್ದೆ. ಇಬ್ಬರದೂ ಒಂದೇ ಕಟ್ಟಡ. ಅವರದು ಮೂರನೇ ಮಹಡಿ, ನಮ್ಮದು ಎರಡನೆಯದು. ಹಾಗಾಗಿ ಪೆರಿ ತಪ್ಪುಹೆಜ್ಜೆ ಇಟ್ಟು ನಡೆಯಲು ಕಲಿತದ್ದು ನನ್ನ ತಲೆಯ ಮೇಲೆಯೇ.

ಅವಳ ಮೊದಲ ನಾಟಕ ನಡೆದದ್ದು ಡಾಕ್ಟರರ ಕೋಣೆಯಲ್ಲಿ, ಏಳನೆಯ ವಯಸ್ಸಿನಲ್ಲಿ. ನಮ್ಮ ಮಕ್ಕಳೆಲ್ಲ ತಾಯಂದಿರಿಗೆ ದುಭಾಷಿಗಳೇ. ಗುಲ್ಸೂಮಕ್ಕನಿಗೆ ಬೆನ್ನು ಹಿಡಿದುಕೊಂಡಿತ್ತು. ನೋವು ಯಾವ ತರಹದ್ದು ಎಂದು ಡಾಕ್ಟರು ಕೇಳಿದರು. ಮಗುವಿಗೆ ಮಾತು ಸಿಗಲಿಲ್ಲ. ಸೊಂಟಕ್ಕೆ ಕೈಕೊಟ್ಟು, ತುಟಿ ಕಚ್ಚಿ, ಥೇಟು ಅಮ್ಮನ ಹಾಗೆಯೇ ಬಾಗಿಲಿನಿಂದ ಕಿಟಕಿಯವರೆಗೆ ನಡೆದು ತೋರಿಸಿದಳು. ಇವರು ಕೇಳಲು ಹೋದದ್ದು ಒಂದು ವಾರದ ರಜೆ, ಡಾಕ್ಟರು ಬರೆದುಕೊಟ್ಟದ್ದು ಎರಡು.

"ನನಗಿಂತ ಅವಳಿಗೇ ಜಾಸ್ತಿ ನೋವಿತ್ತು ಕಣೇ ಸಬಿಹಾ," ಎಂದು ಗುಲ್ಸೂಮಕ್ಕ ಕಾರ್ಖಾನೆ ತುಂಬ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆದರೆ ಅದನ್ನೇ ಬದುಕು ಮಾಡಿಕೊಳ್ಳುತ್ತೇನೆ ಎಂದಾಗ ಅವಳಿಗೆ ನಗು ಬರಲಿಲ್ಲ. ಮಗಳನ್ನು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಗೊತ್ತುಮಾಡಿ, ಬಿಳಿ ಕೋಟನ್ನು ನನ್ನಿಂದಲೇ ಹೊಲಿಸಿದ್ದಳು. ಹತ್ತೊಂಬತ್ತರ ಪೆರಿ ಆ ಕೋಟನ್ನು ಕುರ್ಚಿಯ ಮೇಲೆ ಮಡಿಸಿಟ್ಟು, ಹನೋವರ್‌ನ ನಟನಾಶಾಲೆಗೆ ಹೊರಟು ನಿಂತಳು. ಅಪ್ಪ ರಿಫತ್ ತನ್ನೂರು ಗಿರೆಸುನ್‌ನಿಂದ ಬರುವಾಗ ತಂದ ಕಂದು ಪೆಟ್ಟಿಗೆಯನ್ನು ಇಳಿಸಿ ಒರೆಸಿಕೊಟ್ಟ.

ನಮ್ಮ ಬೀದಿಯಲ್ಲಿ ಯಾರು ದೂರ ಹೊರಟರೂ ಕಾರು ಕದಲಿದ ಕೂಡಲೇ ಹಿಂದಿನಿಂದ ಒಂದು ಚೊಂಬು ನೀರು ಚೆಲ್ಲುತ್ತೇವೆ. ನೀರು ಹರಿದಂತೆ ಸಲೀಸಾಗಿ ಹೋಗಲಿ, ಸಲೀಸಾಗಿ ಮರಳಲಿ ಎಂದು. ಕೆಳಮನೆಯ ಜರ್ಮನ್ ಮುದುಕಿಯನ್ನು ಆಸ್ಪತ್ರೆಗೆ ಒಯ್ದಾಗ ಗುಲ್ಸೂಮಕ್ಕ ಆಂಬುಲೆನ್ಸಿನ ಹಿಂದೆಯೂ ನೀರು ಹಾಕಿದವಳು. ಮಗಳು ಹೊರಟ ದಿನ ಮಾತ್ರ ಕೆಳಗಿಳಿಯಲಿಲ್ಲ. ಪೆಟ್ಟಿಗೆ ಕಾರಿಗೆ ಹಾಕಿಯಾದ ಮೇಲೂ ಪೆರಿ ತಲೆಯೆತ್ತಿ ಮೂರನೇ ಮಹಡಿಯನ್ನೇ ನೋಡುತ್ತ ನಿಂತಳು. ಗುಲ್ಸೂಮಕ್ಕ ಕಿಟಕಿಗೆ ಬಂದಳು, ಕೈಯಲ್ಲಿ ತುಂಬಿದ ಚೊಂಬೂ ಇತ್ತು. ನಾವೆಲ್ಲ ನೋಡುತ್ತಿದ್ದಂತೆ ಆ ನೀರನ್ನು ಕಿಟಕಿಯ ಜೆರೇನಿಯಂ ಹೂಗಿಡದ ಕುಂಡಕ್ಕೆ ಸುರಿದು, ಒಳಗೆ ಹೋಗಿಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಿಂದ ಲೋಟ ತುಂಬಿ ತಂದೆ.

"ಬೇಡ ಚಿಕ್ಕಮ್ಮ," ಎಂದು ಪೆರಿ ನನ್ನ ಕೈ ಹಿಡಿದಳು. "ಅಮ್ಮನ ನೀರು ಅಮ್ಮನೇ ಹಾಕ್ಬೇಕು."

ಒಣ ರಸ್ತೆಯ ಮೇಲೆಯೇ ಕಾರು ಹೋಯಿತು.

ಅವಳು ಮನೆಗೆ ಬರುವುದನ್ನೇನೂ ಬಿಡಲಿಲ್ಲ. ಹಬ್ಬಕ್ಕೆ ಬಂದು ಅಮ್ಮನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳುತ್ತಿದ್ದಳು. ಗುಲ್ಸೂಮಕ್ಕ ಬಡಿಸುತ್ತಿದ್ದಳು, ತೆಳ್ಳಗಾಗಿದ್ದೀಯ ಎಂದು ಬೈಯುತ್ತಿದ್ದಳು. ಕೆಲಸದ ಮಾತು ಬಂದರೆ ಎದ್ದು ಟೀ ಕಾಸಲು ಹೋಗುತ್ತಿದ್ದಳು. ವಾಪಸು ಹೊರಟಾಗ ಒಮ್ಮೆಯೂ ನೀರಿಲ್ಲ. ನೆಂಟರು ಕೇಳಿದರೆ, "ಆಫೀಸಲ್ಲಿದ್ದಾಳೆ," ಎನ್ನುತ್ತಿದ್ದಳು.

ಅದು ಹೇಗೋ ಕಾಲಕ್ರಮದಲ್ಲಿ ಕರಗುತ್ತಿತ್ತೇನೋ. ಅಷ್ಟರಲ್ಲಿ ಪೆರಿ ಒಂದು ತಪ್ಪು ಮಾಡಿದಳು. ನಗೆಯ ಧಾರಾವಾಹಿಯೊಂದರಲ್ಲಿ ಕಸ ಗುಡಿಸುವವಳ ಪಾತ್ರ ಸಿಕ್ಕಿತು. ಜರ್ಮನ್ನರಿಗಿಂತ ಸೊಗಸಾಗಿ ಜರ್ಮನ್ ಆಡುವವಳಿಗೆ, ಹರುಕು ಮುರುಕಾಗಿ ಆಡು ಎಂದರು. ಅವಳಿಗೆ ಗೊತ್ತಿದ್ದ ಹರುಕು ಜರ್ಮನ್ ಒಂದೇ, ತಾಯಿಯದು. "ಸಾರ್, ನೀವು ಕಾಲು ಎತ್ತು, ನಾನು ನೆಲ ಒರೆಸು," ಎಂದು ಗುಲ್ಸೂಮಕ್ಕನ ರಾಗದಲ್ಲೇ ಎಂದಳು. ದೇಶವೇ ನಕ್ಕಿತು. ಮರುದಿನ ಕಾರ್ಖಾನೆಯ ಊಟದ ಕೋಣೆಯಲ್ಲಿ ಮೇಸ್ತ್ರಿ ಬೂಟುಗಾಲನ್ನು ಮೇಜಿಗೆತ್ತಿ ಅದೇ ಮಾತು ಹೇಳಿದ. ಗುಲ್ಸೂಮಕ್ಕ ಡಬ್ಬಿ ಮುಚ್ಚಿ ಎದ್ದುಹೋದಳು. ಅವಳ ಕತ್ತು ಕೆಂಪಾಗಿದ್ದುದನ್ನು ನಾನು ಮರೆತಿಲ್ಲ. ಆಮೇಲೆ ಮಗಳ ಮುಖ ಟಿವಿಯಲ್ಲಿ ಬಂದರೆ ಸಾಕು, ಚಾನೆಲ್ ಬದಲಾಗುತ್ತಿತ್ತು. ಕನಿಷ್ಠ ನಾನು ಅವಳ ಮನೆಯಲ್ಲಿದ್ದಾಗ ಬದಲಾಗುತ್ತಿತ್ತು.

ವಿಷಯ ತಿಳಿದು ಪೆರಿ ಆ ಧಾರಾವಾಹಿ ಬಿಟ್ಟಳು. ಒಳ್ಳೆಯ ಸಂಬಳದ್ದು, ಅದನ್ನೇ ಬಿಟ್ಟು ಮತ್ತೆ ಸಾಯಲು ಹೋದಳು. ತಾಯಿಗೆ ಅದನ್ನು ಹೇಳಲೂ ಇಲ್ಲ. ಇಬ್ಬರದೂ ಒಂದೇ ಹಟ, ಬೇರೆ ಬೇರೆ ಬಟ್ಟೆ. ರಿಫತ್ ತೀರಿಕೊಂಡು ಗಿರೆಸುನ್‌ನಲ್ಲಿ ಮಣ್ಣಾದ ಮೇಲೆ ಮಧ್ಯೆ ಕೂತು ಮಾತು ದಾಟಿಸುವವರೂ ಇಲ್ಲವಾದರು.

ಹೋದ ವಸಂತದಲ್ಲಿ ಪೆರಿ ನನ್ನ ಅಂಗಡಿಗೆ ಬಂದಳು. ನಲವತ್ತೆರಡು ವಯಸ್ಸು, ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು. ಬಲ್ಬ್ ಕಾರ್ಖಾನೆಯ ಹೆಂಗಸರ ಮೇಲೊಂದು ನಾಟಕವಂತೆ. ಮುಖ್ಯ ಪಾತ್ರ ಇವಳದು.

"ಅದೇ ಜರ್ಮನ್ ಆಡ್ಬೇಕು ಚಿಕ್ಕಮ್ಮ. ಅಮ್ಮಂದು. ಈ ಸಲ ಯಾರೂ ನಗಲ್ಲ, ನಗೋಕೆ ನಾನು ಬಿಡಲ್ಲ. ಆದ್ರೆ ಅಮ್ಮ ಮೊದಲನೇ ದಿನ ಬಂದು ಮುಂದೆ ಕೂತ್ಕೋಬೇಕು. ಬರಲ್ಲ ಅಂದ್ರೆ ಪಾತ್ರ ಬಿಟ್ಟುಬಿಡ್ತೀನಿ. ಆಣೆಗೂ."

"ಇಪ್ಪತ್ತು ವರ್ಷ ಸತ್ತು ಸತ್ತು ಈಗೊಂದು ಒಳ್ಳೇದು ಸಿಕ್ಕಿದೆ, ಬಿಡ್ತಾಳಂತೆ! ತಲೆ ನೆಟ್ಟಗಿದೆಯೇನೇ?"

"ಒಂದ್ಸಲ ಅಮ್ಮನ ಮಾತನ್ನ ಅವಳನ್ನ ಕೇಳದೇನೇ ತಗೊಂಡೆ. ಇನ್ನೊಂದ್ಸಲ ತಗೊಳಲ್ಲ."

ಮಂಡಿ ನೋವು ಮರೆತು ಮೂರನೇ ಮಹಡಿ ಹತ್ತಿದೆ. ಗುಲ್ಸೂಮಕ್ಕ ಬೀನ್ಸ್ ಸೋಸುತ್ತಿದ್ದಳು. ಎಲ್ಲ ಹೇಳಿದೆ. ತಲೆಯೆತ್ತಲಿಲ್ಲ.

"ಸಾಯ್ತಾಳಾ?"

"ಇಲ್ಲ."

"ನಗ್ತಾರಾ?"

"ನಕ್ಕವರ ಕೋಟಿನ ತೋಳು ಹೊಲಿದುಬಿಡ್ತೀನಿ."

"ಸಾಯಲ್ಲ, ನಗ್ಸಲ್ಲ. ಮತ್ತೇನು ಮಾಡ್ತಾಳೆ ಅಲ್ಲಿ ನಿಂತ್ಕೊಂಡು?"

"ನೀನಾಗ್ತಾಳೆ ಅಕ್ಕ."

ಅವಳು ಇನ್ನೊಂದು ಹಿಡಿ ಬೀನ್ಸ್ ಸೋಸಿ ಮುಗಿಸಿದಳು. ಆಮೇಲೆ, "ನನ್ನ ನೀಲಿ ಕೋಟಿನ ಗುಂಡಿ ಬಿದ್ದಿದೆ, ಹಾಕ್ಕೊಡು," ಎಂದಳು.

ನಾಟಕದ ಮೊದಲ ದಿನ, ಭಾನುವಾರ ಮಧ್ಯಾಹ್ನ. ಮೊದಲನೆಯ ಸಾಲಿನ ತುದಿಯಲ್ಲಿ ನಾವಿಬ್ಬರು. ಗುಲ್ಸೂಮಕ್ಕ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಲಾಯರ್ ಮುಂದೆ ಕೂತಂತೆ ಕೂತಿದ್ದಳು. ಪೆರಿ ಬಂದಳು, ಸೊಂಟಕ್ಕೆ ಕೈ, ಕಚ್ಚಿದ ತುಟಿ. ಏಳು ವರ್ಷದವಳು ನಡೆದು ತೋರಿಸಿದ ಅದೇ ನಡಿಗೆ. ತಂತಿ ಜೋಡಿಸುತ್ತ ಹರುಕು ಜರ್ಮನ್ನಿನಲ್ಲೇ ಮೇಸ್ತ್ರಿಗೆ ಉತ್ತರ ಕೊಟ್ಟಳು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪಕ್ಕದಲ್ಲಿ ಗುಲ್ಸೂಮಕ್ಕನ ಬೆರಳುಗಳು ಕೈಚೀಲದ ಮೇಲೆ ಇಲ್ಲದ ತಂತಿಯನ್ನು ಜೋಡಿಸುತ್ತಿದ್ದವು. ನಾನು ಅಳುತ್ತಿದ್ದೆ, ಮುಚ್ಚಿಡುವುದೇನು.

ಕೊನೆಗೆ ಕಾರ್ಖಾನೆ ಮುಚ್ಚುತ್ತದೆ. ಹೆಂಗಸು ಪೆಟ್ಟಿಗೆ ಎತ್ತಿಕೊಂಡು ರಂಗದಿಂದ ಇಳಿದು, ನಮ್ಮ ಸಾಲಿನ ಪಕ್ಕದ ದಾರಿಯಲ್ಲೇ ನಡೆದು ಬಾಗಿಲಿನಿಂದ ಹೊರಗೆ ಹೋಗಬೇಕು. ಪೆಟ್ಟಿಗೆ ನೋಡಿದೆ. ರಿಫತ್‌ನ ಕಂದು ಪೆಟ್ಟಿಗೆ. ಗುಲ್ಸೂಮಕ್ಕನೂ ನೋಡಿದಳು. ಪೆರಿ ನಮ್ಮನ್ನು ದಾಟಿದಳು. ಬೀಳ್ಕೊಡಲು ಒಂದು ನರಪಿಳ್ಳೆಯೂ ಇಲ್ಲ.

"ಅಯ್ಯೋ, ಯಾರೂ ನೀರು ಹಾಕಲ್ವಾ?" ಎಂದಳು ಗುಲ್ಸೂಮಕ್ಕ. ಪಿಸುಮಾತೇನಲ್ಲ, ಇಡೀ ಸಭೆಗೆ ಕೇಳಿಸಿತು. ನಾನು ಕೋಟು ಹಿಡಿಯುವಷ್ಟರಲ್ಲಿ ಎದ್ದು, ಕೈಚೀಲದಿಂದ ನೀರಿನ ಬಾಟಲಿ ತೆಗೆದು, ಮಗಳ ಹಿಂದೆ ಆ ನಾಟಕಶಾಲೆಯ ನಯವಾದ ಮರದ ನೆಲದ ಮೇಲೆ ಪೂರ್ತಿ ಸುರಿದಳು.

"ಹೋಗಿ ಬಾ ಮಗಳೇ. ಸುಖವಾಗಿ ಹೋಗಿ ಬಾ."

ಪೆರಿ ನಿಂತಳು. ತಿರುಗಲಿಲ್ಲ, ನೀರು ಹಾಕಿಸಿಕೊಂಡವರು ತಿರುಗಬಾರದು ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡಳು. ನಡೆದು ಹೊರಗೆ ಹೋದಳು. ದೀಪ ಆರಿತು. ಹಿಂದಿನ ಸಾಲುಗಳಲ್ಲಿ ನಮ್ಮವರು ಅಳುವುದು ಕೇಳುತ್ತಿತ್ತು. ಚಪ್ಪಾಳೆಯ ಮಧ್ಯೆ ಗುಲ್ಸೂಮಕ್ಕ ನನ್ನನ್ನು ತಿವಿದು, "ಒರೆಸೋ ಬಟ್ಟೆ ಎಲ್ಲಿಟ್ಟಿರ್ತಾರೆ ಕೇಳು, ಯಾರಾದ್ರೂ ಜಾರಿ ಬಿದ್ದಾರು," ಎಂದಳು.

ದಿನವೂ ಬಂದು ಹಾಗೆಯೇ ಮಾಡಿ ಎಂದು ನಿರ್ದೇಶಕಿ ಕೈಹಿಡಿದು ಕೇಳಿಕೊಂಡರು. "ದಿನಾ ಹೊರಡ್ತಾಳಾ ಅವಳು?" ಎಂದು ಗುಲ್ಸೂಮಕ್ಕ ಕೈ ಬಿಡಿಸಿಕೊಂಡಳು.

ಸಂಜೆ ಮೂರೂ ಜನ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆವು. ಕಿಟಕಿಯಲ್ಲಿ ಜೆರೇನಿಯಂ ಕೆಂಪಗೆ ಹೂ ಬಿಟ್ಟಿತ್ತು. ಪೆರಿ ಅದನ್ನೇ ನೋಡುತ್ತ, ತಮಾಷೆಯ ದನಿಯಲ್ಲೇ, ಕೇಳಿಬಿಟ್ಟಳು.

"ಅವತ್ತು ಇದಕ್ಕೆ ಹಾಕಿದ್ಯಲ್ಲಮ್ಮ, ಆ ನೀರು ನಂದಲ್ವಾ?"

"ನಿಂದೇ," ಎಂದಳು ಗುಲ್ಸೂಮಕ್ಕ. "ಅದಕ್ಕೇ ಅದನ್ನ ಸಾಯೋಕೆ ಬಿಟ್ಟಿಲ್ಲ. ಒಣಗೋ ಮುಂಚೆ ಕಡ್ಡಿ ಮುರಿದು ಬೇರೆ ಕುಂಡಕ್ಕೆ ನೆಡೋದು. ಇಪ್ಪತ್ತಮೂರು ವರ್ಷದಿಂದ ಅದೇ ಗಿಡ. ನೀನು ಹನ್ನೆರಡು ಸಲ ಸತ್ತೆ, ಅದು ಒಂದ್ಸಲಾನೂ ಸತ್ತಿಲ್ಲ."

"ಹನ್ನೊಂದು ಅಕ್ಕ," ಎಂದೆ ನಾನು.

"ಹನ್ನೆರಡು. ಕೆರೇಲಿ ಮುಳುಗಿದ್ದು ನೀನು ನೋಡಿಲ್ಲ, ಆಗ ನೀನು ಊರಿಗೆ ಹೋಗಿದ್ದೆ."