ಮೋನಪ್ಪನ ಹೇಸರಗತ್ತೆ ಹಾಡು

ಮೋನಪ್ಪ ಸತ್ತು ವರ್ಷ ತುಂಬಿದ ದಿನ ಅವನ ಹೆಂಡತಿ ಕುಸುಮಾವತಿ ಬಂಗುಡೆ ಹುರಿದಳು, ಕೋಳಿ ಸಾರು ಮಾಡಿದಳು, ನೀರುದೋಸೆ ಹೊಯ್ದಳು. ಅಗೆಲು ಇಡುವುದೆಂದರೆ ಹಾಗೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಮೆರಿಕದ ಈ ಏಪೆಕ್ಸ್ ಊರಿನಲ್ಲಿ ಬಾಳೆಲೆ ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ ಸಿಗುತ್ತದೆ. ಬಂಗುಡೆಯೂ ಅಲ್ಲೇ. ಅವನಿಗೆ ಕೇಳಿಸಬೇಕಾದ ಹಾಡು ಮಾತ್ರ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

ಮೋನಪ್ಪನಿಗೆ ಅಮೆರಿಕದ ಹಳ್ಳಿಗಾಡಿನ ಒಂದು ಕಂಟ್ರಿ ಹಾಡಿನ ಹುಚ್ಚು. ಇಪ್ಪತ್ತು ವರ್ಷ ಆಫೀಸಿಗೆ ಹೋಗುವಾಗಲೂ ಬರುವಾಗಲೂ ಕಾರಿನಲ್ಲಿ ಅದೇ. ಹೆಂಡತಿ ಪಕ್ಕದಲ್ಲಿ ಕೂತರೆ ಅದರ ಚರಿತ್ರೆ ಸುರು. ಮೊದಲು ಹಾಡಿದ್ದು ಇಲ್ಲಿನ ಗುಡ್ಡದ ಕಡೆಯ ಒಬ್ಬ ಮುದುಕ, ಬ್ಯಾಂಜೋ ಎಂಬ ತಂತಿವಾದ್ಯ ಹಿಡಿದು. ಅವನ ಹೇಸರಗತ್ತೆ ಬೇಲಿ ಹಾರಿ ಹೋಗಿತ್ತು. ಹತ್ತು ವರ್ಷದ ಮೇಲೆ ಅಟ್ಲಾಂಟಾದವಳೊಬ್ಬಳು ಹಾಡಿದಳು. ಅವಳದರಲ್ಲಿ ಓಡಿಹೋದದ್ದು ಗಂಡ. ಈಚೆಗೆ ಗಡ್ಡದ ಹುಡುಗನೊಬ್ಬ ಹಾಡಿದ. ಅವನದು ಪಿಕಪ್ ಟ್ರಕ್, ಯಾರೋ ಕದ್ದಿದ್ದರು. ರಾಗ ಒಂದೇ. "ಮೂವರಿಗೂ ಕಳೆದದ್ದು ಸಿಗಲೇ ಇಲ್ಲ ನೋಡು" ಎನ್ನುತ್ತಿದ್ದ ಮೋನಪ್ಪ, ತಾನೇ ಹುಡುಕಿ ಸುಸ್ತಾದವನ ಹಾಗೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕುಸುಮಾವತಿಗೆ ಮೂರೂ ಒಂದೇ ಥರ ಕೇಳಿಸುತ್ತಿದ್ದವು, ಹಲ್ಲುನೋವಿನವರು ನರಳಿದ ಹಾಗೆ. ಕೊನೆಯ ಸಲ ಕಾರಿನಲ್ಲಿ ಹೋಗುವಾಗ, "ಸಾಕು ಮಾರಾಯ್ರೇ, ಬಂದ್ ಮಾಡಿ. ತಲೆ ಸಿಡೀತದೆ" ಎಂದಿದ್ದಳು. ಅವನು ಅರ್ಧಕ್ಕೇ ಬಂದ್ ಮಾಡಿದ. ಮರುದಿನ ಬೆಳಿಗ್ಗೆ ಅವನ ಹೃದಯ ನಿಂತಿತು.

ಆ ಅರ್ಧ ಹಾಡನ್ನು ಇವತ್ತು ಅವನಿಗೆ ಪೂರ್ತಿ ಕೇಳಿಸಬೇಕು. ಅಷ್ಟೇ ಅವಳ ಹಟ.

"ಅವತ್ತು ಇದ್ದದ್ದು ಯಾರ ವಾಯ್ಸ್, ಅಮ್ಮ? ಗಂಡಸಾ, ಹೆಂಗಸಾ?" ಮಗ ಸೃಜನ್ ಕೇಳಿದ.

"ನಾನು ಕಿವಿ ಕೊಟ್ಟಿದ್ರೆ ತಾನೇ ಗೊತ್ತಿರೋದು."

"ಒರಿಜಿನಲ್ ಹಾಕು," ಎಂದಳು ಮಗಳು ಅಶ್ವಿತಾ. "ಅಪ್ಪ ಲೈಕ್ಡ್ ದ ಮ್ಯೂಲ್."

"ನೋ, ಟ್ರಕ್," ಎಂದ ಸೃಜನ್.

ದೂರದ ಬ್ಯಾಲಂಟೈನ್‌ನಿಂದ ಬಂದಿದ್ದ ಮೈದುನ ಸುರೇಶ, "ಗಂಡ ಓಡಿಹೋದದ್ದು ಮಾತ್ರ ಬೇಡ ಅತ್ತಿಗೆ. ಅಣ್ಣ ತಪ್ಪು ತಿಳ್ಕೊಂಡಾನು" ಎಂದ.

"ಅವರ ಫೋನಿನಲ್ಲಿ ಲಿಸ್ಟ್ ಉಂಟಲ್ಲ, ಅದನ್ನೇ ಹಾಕಿ," ಎಂದಳು ಕುಸುಮಾವತಿ. "ಎಲ್ಲರೂ ಹಾಡಲಿ. ಬೇಕಾದ್ದನ್ನು ಅವರೇ ಆರಿಸಿಕೊಳ್ತಾರೆ."

ಸೃಜನ್ ಅಪ್ಪನ ಫೋನನ್ನು ಸ್ಪೀಕರಿಗೆ ಜೋಡಿಸಿದ. ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ನಾಲ್ವರೂ ಹೊರಗೆ ನಿಂತರು. ಫೆಬ್ರವರಿಯ ಚಳಿ. ಒಳಗೆ ಹಾಡಿನಲ್ಲಿ ಹೇಸರಗತ್ತೆ ಹೋಯಿತು. ಗಂಡ ಹೋದ. ಎದುರುಮನೆಯ ಮುದುಕ ನಾಯಿ ಹಿಡಿದುಕೊಂಡು ಬಂದು, ಕೀ ಒಳಗೇ ಉಳಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನೋ ನೋ," ಎಂದಳು ಕುಸುಮಾವತಿ. "ಹಸ್ಬೆಂಡ್ ಈಟಿಂಗ್."

ಹೋದ ವರ್ಷ ಮೋನಪ್ಪನ ಹೆಣಕ್ಕೆ ಹೂ ಇಟ್ಟು ಹೋಗಿದ್ದ ಮುದುಕ ನಾಯಿಯನ್ನು ಎಳೆದುಕೊಂಡು ಬೇಗ ಬೇಗ ನಡೆದ.

ಟ್ರಕ್ಕೂ ಹೋಯಿತು. ಸುರೇಶ ಬಾಗಿಲು ತಟ್ಟಲು ಕೈ ಎತ್ತಿದ. ಆಗ ಒಳಗಿನಿಂದ ಮೋನಪ್ಪ ಹಾಡಿದ.

ಸುರೇಶ ಮೆಟ್ಟಿಲು ಬಿಟ್ಟು ಹುಲ್ಲಿಗೆ ಹಾರಿದ.

"ರಿಲ್ಯಾಕ್ಸ್, ಚಿಕ್ಕಪ್ಪ," ಎಂದ ಸೃಜನ್. "ಅಪ್ಪ ರೆಕಾರ್ಡ್ ಮಾಡಿದ್ದು. ಲಿಸ್ಟಲ್ಲಿ ಇದೆ ಅನ್ಸುತ್ತೆ."

ಮೂವರು ಗಾಯಕರ ಕೆಳಗೆ ಮೋನಪ್ಪ ತನ್ನನ್ನೂ ಸೇರಿಸಿಕೊಂಡಿದ್ದ. ರಾಗ ಅದೇ, ಶ್ರುತಿ ಇಲ್ಲ, ಮಾತು ಕನ್ನಡ. ಈ ಸಲ ಕಳೆದದ್ದು ಕನ್ನಡಕ. ನಡುವೆ ರೆಕಾರ್ಡಿನಲ್ಲೇ ಕುಕ್ಕರ್ ಕೂಗಿತು. ಅದರ ಹಿಂದೆಯೇ ಕುಸುಮಾವತಿಯ ದನಿ: "ಬಂದ್ ಮಾಡಿ ಮಾರಾಯ್ರೇ, ಊಟಕ್ಕೆ ಬನ್ನಿ."

"ಎರಡೇ ನಿಮಿಷ ಕುಸುಮಾ. ಇನ್ನೊಂದು ಚರಣ ಉಂಟು."

ಹುಲ್ಲಿನ ಮೇಲೆ ನಿಂತೇ ಸುರೇಶ, "ಅತ್ತಿಗೆ, ಚಳಿ. ಈಗ ತಟ್ಟುವನಾ?" ಎಂದ.

ಅವಳು ಬಾಗಿಲಿಗೆ ಅಡ್ಡ ನಿಂತಳು. "ಮುಗೀಲಿ."

ಕೊನೆಯ ಚರಣದಲ್ಲಿ ಕನ್ನಡಕ ಸಿಕ್ಕಿತು. ತಲೆಯ ಮೇಲೆಯೇ ಇತ್ತಂತೆ.

ಹಾಡು ನಿಂತಿತು. ಆಮೇಲೆ ತಾನೇ ಬಾಗಿಲು ತಟ್ಟಿದಳು.