ಬೀರಣ್ಣ ಒದ್ದ ಬಿಂದಿಗೆ

ತೂಬಗೆರೆ ಕಡೆಯ ನಮ್ಮೂರಿಗೆ ದೊಡ್ಡಬೀರಪ್ಪ ಇಪ್ಪತ್ತೆರಡು ವರ್ಷದಿಂದ ನೀರುಗಂಟಿ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಮರ್ಜಿ. ಪಂಚಾಯ್ತಿ ಅಧ್ಯಕ್ಷರೂ ಅವನನ್ನು ‘ಬೀರಣ್ಣ’ ಅಂತ ನಯವಾಗಿಯೇ ಕರೆಯಬೇಕು. ಇಂಥ ದೊಡ್ಡ ಮನುಷ್ಯ ಮಾಡಿದ ತಪ್ಪೂ ದೊಡ್ಡದೇ.

ಬೋರ್‌ವೆಲ್ಲಿನಿಂದ ಕೆಳಗಿನ ಬೀದಿಗೆ ಹೋಗುವ ಪೈಪು ಅವನ ದ್ರಾಕ್ಷಿ ತೋಟದ ಪಕ್ಕದಲ್ಲೇ ಹಾದುಹೋಗುತ್ತದೆ. ಒಂದು ಬೆಳಿಗ್ಗೆ ನೀರು ಬಿಟ್ಟವನು, ತನ್ನ ಕೆಲಸವೂ ಆಗಲಿ ಎಂದು ಆ ಪೈಪಿಗೊಂದು ರಬ್ಬರ್ ಪೈಪು ಸಿಕ್ಕಿಸಿ ಡ್ರಮ್ಮಿಗೆ ಇಳಿಬಿಟ್ಟ. ಡ್ರಮ್ಮಿನಲ್ಲಿ ಆಗಲೇ ಕಳೆನಾಶಕ ಸುರಿದಿದ್ದ. ಡ್ರಮ್ಮು ತುಂಬುತ್ತಿದ್ದಂತೆ ಕರೆಂಟು ಹೋಗಿ ಮೋಟಾರು ನಿಂತಿತು. ಬೀಡಿ ಸೇದಿ ಬಂದು ನೋಡಿದರೆ ಡ್ರಮ್ಮು ಅರ್ಧ ಖಾಲಿ, ಸುತ್ತ ನೆಲ ಮಾತ್ರ ಒಣಗಿದೆ. ಪೈಪಿನ ನೀರು ಇಳಿಜಾರಿಗೆ ಹರಿಯುತ್ತಾ, ರಬ್ಬರ್ ಪೈಪಿನ ಮೂಲಕ ಡ್ರಮ್ಮಿನ ಔಷಧಿಯನ್ನೂ ಎಳೆದುಕೊಂಡು ಕೆಳಗಿನ ಬೀದಿಗೆ ಹೋಗಿತ್ತು.

ವಾಲ್ವ್ ಮುಚ್ಚಿ ಬೈಕು ಓಡಿಸಿದ. ಬೀದಿಯ ಮೊದಲ ಮನೆ ಮುನಿರತ್ನಮ್ಮನದು. ಮಗಳು ಅಕ್ಷತ ತಿಂಗಳ ಕೂಸಿನ ಜೊತೆ ಬಾಣಂತನಕ್ಕೆ ಬಂದಿದ್ದಾಳೆ. ಮುನಿರತ್ನಮ್ಮ ನಲ್ಲಿಯ ಕೆಳಗಿಂದ ತುಂಬಿದ ಬಿಂದಿಗೆ ಎತ್ತಲು ಬಗ್ಗಿದ್ದಳು. ಬೀರಣ್ಣ ಓಡಿಬಂದು ಬಿಂದಿಗೆಯನ್ನು ಒದ್ದ.

“ಏನ್ ಬಂತಣ್ಣ ನಿಂಗೆ? ಬಾಣಂತಿಗೆ ಕಾಯ್ಸೋ ನೀರದು!”

“ಮುಟ್‌ಬ್ಯಾಡ ಕಣಮ್ಮಾ. ಕಳೆ ಔಷ್ದಿ ಸೇರೈತೆ. ನಾನೇ ಸೇರಿಸ್ಬಿಟ್ಟೆ.”

ಕರೆಂಟಿಲ್ಲದೆ ಗುಡಿಯ ಮೈಕೂ ಇಲ್ಲ. ಮನೆಮನೆ ಬಾಗಿಲು ಬಡಿದು ಇದೇ ಮಾತು ಹೇಳಿದ. ನಾನಾಗಿದ್ದರೆ ಪೈಪು ಒಡೆದಿದೆ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ, ಸುಳ್ಳೇಕೆ.

ಪುಣ್ಯಕ್ಕೆ ಆ ನೀರು ಯಾರ ಹೊಟ್ಟೆಗೂ ಇಳಿದಿರಲಿಲ್ಲ. ಪೈಪನ್ನು ಎರಡು ದಿನ ತೊಳೆದರು, ಊರಿಗೆ ಟ್ಯಾಂಕರ್ ಬಂತು. ತೊಳೆದ ಪೈಪಿನ ನೀರಿನ ಜೊತೆಗೆ ಮುನಿರತ್ನಮ್ಮನ ಬಿಂದಿಗೆಯ ತಳದಲ್ಲಿ ಉಳಿದಿದ್ದ ನೀರೂ ಪರೀಕ್ಷೆಗೆ ಹೋಯಿತು. ಅಷ್ಟೂ ದಿನ ಮುನಿರತ್ನಮ್ಮ ಬೀದಿಯಲ್ಲಿ ನಿಂತು ಬೀರಣ್ಣನ ವಂಶವನ್ನೆಲ್ಲ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಐದನೇ ದಿನ ಪಂಚಾಯ್ತಿಯ ಶ್ರೀಧರ್ ನಲ್ಲಿಯ ಹತ್ತಿರವೇ ವರದಿ ಓದಿದ. ಪೈಪಿನ ನೀರು ಶುದ್ಧ, ಕುಡಿಯಬಹುದು. ಬಿಂದಿಗೆಯ ನೀರಿನಲ್ಲಿ ಕಳೆನಾಶಕ ಇತ್ತು.

ಬೀರಣ್ಣ ಕುಸಿದು ಕೂತು ಮಗುವಿನ ಹಾಗೆ ಅತ್ತ. ಎಲ್ಲರೂ ಮುನಿರತ್ನಮ್ಮನ ಮುಖ ನೋಡಿದೆವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಖಾಲಿ ಬಿಂದಿಗೆಯನ್ನು ನಲ್ಲಿ ಕೆಳಗಿಟ್ಟಳು.

“ಏಳಣ್ಣ, ಅತ್ತಿದ್ ಸಾಕು. ನೀರ್ ಬಿಡು, ಮಗೀಗೆ ಸ್ನಾನ ಆಗ್ಬೇಕು.”