ಗಾರೆ ತಾತನ ಉಸಿರು

ಕಳೆದ ಶನಿವಾರ ಹಬ್ಬಕ್ಕೆಂದು ಹಿತ್ತಾಳೆ ಸಾಮಾನನ್ನೆಲ್ಲ ಸಿಂಕಿನ ಪಕ್ಕ ಗುಡ್ಡೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದೆ. ದೀಪ, ತಂಬಿಗೆ, ಗಂಟೆ... ಸಹಾಯಕ್ಕೆ ಬಂದ ಮಗಳು ಕಪಾಟಿನ ಮೇಲಿದ್ದ ಟಿನ್ ವಿಸಲ್ಲನ್ನೂ ತಂದು ಗುಡ್ಡೆಗೆ ಸೇರಿಸಿ, "ಅಮ್ಮಾ, ದಿಸ್ ಟೂ?" ಎಂದಳು. ಒದ್ದೆ ಕೈಯಲ್ಲೇ ಅದನ್ನು ಕಸಿದುಕೊಂಡೆ. ಹನ್ನೆರಡು ವರ್ಷದ ಹುಡುಗಿ, ಬೆಚ್ಚಿಬಿದ್ದಳು. ಹೆಸರಿಗಷ್ಟೇ ಟಿನ್, ಇದು ಹಿತ್ತಾಳೆಯದು. ಗೇಣಿಗಿಂತ ಸ್ವಲ್ಪ ಉದ್ದದ ಕೊಳವೆ, ಆರು ತೂತು, ಬಾಯಿಗಿಡುವ ಕಡೆ ಪ್ಲಾಸ್ಟಿಕ್ಕು. ಐರಿಷ್ ಜನ ತಮ್ಮ ಕುಣಿತದ ಮಟ್ಟುಗಳನ್ನು ಇದರಲ್ಲಿ ಊದುತ್ತಾರೆ. ಹಿಂದೊಮ್ಮೆ ಇದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ನಾನು ಬೈಸಿಕೊಂಡಿದ್ದೆ. ಹುಳಿ ಮತ್ತು ಹಿತ್ತಾಳೆ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈದವರು ನೆನಪಾದರು.

ಅವರು ನಮ್ಮ ಮನೆಗೆ ಬಂದದ್ದು ಗೋಡೆ ಸರಿಮಾಡಲು. ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಮನೆ ಕೊಂಡ ಮೊದಲ ವರ್ಷವೇ ಲಾಂಡ್ರಿ ರೂಮಿನ ಪೈಪು ಸೋರಿ ಗೋಡೆ ಉಬ್ಬಿಕೊಂಡಿತ್ತು. ಅವರು ಹರೆಯದಲ್ಲೇ ಐರ್ಲೆಂಡಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಜೀವಮಾನವಿಡೀ ಗಾರೆ ಕೆಲಸ ಮಾಡಿದವರು. ಆಗ ನಾಲ್ಕು ವರ್ಷದವಳಾಗಿದ್ದ ಮಗಳಿಗೆ ಅವರು ಯಾರೆಂದು ಹೇಳಬೇಕಲ್ಲ, ಗಾರೆ ಮಾಡುವ ತಾತ ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಗಾರೆ ತಾತ. ಮಧ್ಯಾಹ್ನ ಗ್ಯಾರೇಜಿನಲ್ಲಿ ಬಕೆಟ್ಟು ಬೋರಲು ಹಾಕಿ ಕೂತು, ಟೂಲ್ ಬಾಕ್ಸಿನಿಂದ ವಿಸಲ್ ತೆಗೆದು, ಬೆಚ್ಚಗಾಗಲೆಂದು ಒಂದು ನಿಮಿಷ ಕಂಕುಳಲ್ಲಿಟ್ಟುಕೊಂಡು, ಆಮೇಲೆ ಊದುತ್ತಿದ್ದರು. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಗೆ ಇದು ಸುತರಾಂ ಹಿಡಿಸಲಿಲ್ಲ.

"ಅಲ್ಲವಾ, ಗ್ವಾಡಿ ಮೆತ್ತಾಕ ಬಂದಾಂವ ಪೀಪಿ ಊದ್ಕೋತ ಕುಂತಾನಲ್ಲ!" ಎಂದರು. ಮೂರನೇ ದಿನ ಅವರೇ ಕುರ್ಚಿ ಎಳೆದುಕೊಂಡು ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದರು. ನಾಲ್ಕನೇ ದಿನ ತಾತನಿಗೆ ರೊಟ್ಟಿ, ಶೇಂಗಾ ಹಿಂಡಿ ಹೋಯಿತು.

ಗೋಡೆ ಕೆಲಸ ಐದು ದಿನಕ್ಕೆ ಮುಗಿಯಿತು, ನನ್ನ ಹುಚ್ಚು ಆಗಷ್ಟೇ ಶುರುವಾಯಿತು. ಭಾನುವಾರ ಬೆಳಿಗ್ಗೆ ಬ್ರಿಡ್ಜು ದಾಟಿ ಸ್ಯಾನ್ ಫ್ರಾನ್ಸಿಸ್ಕೋದ ಅವರ ಮನೆಗೆ ಕಲಿಯಲು ಹೋಗತೊಡಗಿದೆ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತ ಗರ್ವ ಬೇರೆ. ನನಗೆಂದು ಕೊಂಡ ಹೊಸ ವಿಸಲ್ಲಿನ ಜೊತೆಗೆ ಸರಿಗಮ ಬರೆದುಕೊಳ್ಳಲು ನೋಟ್‌ಬುಕ್ಕು ಒಯ್ದಿದ್ದೆ. ಅದನ್ನು ಇಸಿದುಕೊಂಡು, ಅದರ ಮೇಲೆ ತಮ್ಮ ಟೀ ಮಗ್ಗು ಇಟ್ಟರು. "ಕಣ್ಣು ಮುಚ್ಕೊ. ನನ್ನ ಬೆರಳು ನೋಡ್ಬೇಡ. ಕಿವಿಗೆ ಕೆಲಸ ಕೊಡು," ಎಂದರು ತಮ್ಮ ಇಂಗ್ಲಿಷಿನಲ್ಲಿ. ಫೋನಿನಲ್ಲಿ ರೆಕಾರ್ಡು ಮಾಡುವಂತೆಯೂ ಇರಲಿಲ್ಲ. ಜಿಗ್ ಎಂಬ ಅವರ ಕುಣಿತದ ಮಟ್ಟಿನ ನಡೆ ನಮ್ಮ ತಕಿಟ ತಕಿಟ. ಗೊತ್ತಿಲ್ಲದೆ ನನ್ನ ಕೈ ತೊಡೆಯ ಮೇಲೆ ತಾಳ ಹಾಕಿದರೆ, ಸೊಳ್ಳೆ ಹೊಡೀತಿದ್ದೀಯಾ ಎಂದು ರೇಗಿಸುತ್ತಿದ್ದರು.

ಹುಣಸೆಹಣ್ಣಿನ ಪ್ರಸಂಗ ಆದದ್ದು ಮರುವರ್ಷ. ಊಟಕ್ಕೆ ಬಂದವರು ವಿಸಲ್ಲನ್ನು ನಮ್ಮಲ್ಲೇ ಮರೆತು ಹೋಗಿದ್ದರು. ಕಪ್ಪಿಟ್ಟುಹೋಗಿತ್ತು, ಪಾಪ ಎಂದು ತಿಕ್ಕಿ ತಿಕ್ಕಿ ಚಿನ್ನದಂತೆ ಹೊಳೆಯಿಸಿ, ಶಭಾಷ್ ಎನ್ನುತ್ತಾರೆಂದು ಕಾದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಐವತ್ತು ವರ್ಷದ ನನ್ನ ಕೈ ಇದರ ಮೇಲಿತ್ತು, ಒಂದೇ ದಿನದಲ್ಲಿ ತೊಳೆದುಬಿಟ್ಟೆಯಲ್ಲ!" ಎಂದರು. ಎರಡು ಭಾನುವಾರ ಊದಿದ ಸ್ವರವೆಲ್ಲ ಹುಳಿ ಹುಳಿ ಎಂದು ಗೊಣಗಿದರು. ಮೂರನೆಯ ಭಾನುವಾರ ನಾನು ಒಯ್ದ ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಅಷ್ಟು ವರ್ಷದ ಗಾರೆ ಧೂಳು ಅವರ ಎದೆಗೆ ಇಳಿದಿತ್ತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ... ಒಂದು ಚಳಿಗಾಲ, "ಇನ್ನು ಹೆಚ್ಚು ದಿನ ಊದೋಕಾಗಲ್ಲ. ನಿನಗೊಂದು ಮಟ್ಟು ಕೊಡಬೇಕು," ಎಂದರು. ಅವರನ್ನು ಸಾಕಿದ ಚಿಕ್ಕಮ್ಮ ಕೋಳಿಗಳಿಗೆ ಕಾಳು ಹಾಕುತ್ತ ಗುನುಗುತ್ತಿದ್ದ ಜಿಗ್ ಅದು. ಅದಕ್ಕೆ ಹೆಸರಿರಲಿಲ್ಲ. ಬೇರೆ ಯಾರೂ ಅದನ್ನು ನುಡಿಸಿದ್ದನ್ನು ಅವರು ಕೇಳಿರಲಿಲ್ಲ. ಅವರ ಮಗಳಿಗೆ ಸಂಗೀತದ ಗೋಜು ಬೇಡವಾಗಿತ್ತು. ನಾನು ಕಲಿಯದಿದ್ದರೆ ಆ ಮಟ್ಟು ಅವರೊಂದಿಗೇ ಮುಗಿದುಹೋಗುತ್ತಿತ್ತು. ಹಾಗಾಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದಿಷ್ಟೂ ಆಚೀಚೆ ಆಗದಂತೆ ಕಲಿತೆ. ಅವರೂ ತಲೆದೂಗಿದರು.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಐರಿಷ್ ವಾದ್ಯದವರು ಸುತ್ತ ಕೂತು ನುಡಿಸುತ್ತಾರೆ. ಒಬ್ಬರು ಶುರುಮಾಡಿದ ಮಟ್ಟನ್ನು ಗೊತ್ತಿದ್ದವರೆಲ್ಲ ಸೇರಿ ಮೂರು ಸುತ್ತು ನುಡಿಸುವುದು, ಗೊತ್ತಿಲ್ಲದವರು ಸುಮ್ಮನೆ ಕೇಳುವುದು ಅಲ್ಲಿನ ರೂಢಿ. ತಾತ ಆಸ್ಪತ್ರೆ ಸೇರಿದ ವಾರ, ಟೀ ಕುಡಿಯುತ್ತ ಮೂಲೆಯಲ್ಲಿರುತ್ತಿದ್ದ ನಾನು ಮೊದಲ ಸಲ ಧೈರ್ಯ ಮಾಡಿ ಚಿಕ್ಕಮ್ಮನ ಜಿಗ್ ಶುರುಮಾಡಿದೆ. ಎಲ್ಲರೂ ವಾದ್ಯ ಕೆಳಗಿಟ್ಟು ಕೇಳಿದರು, ಮುಗಿದಾಗ ಮೇಜು ಕುಟ್ಟಿದರು. ಪಿಟೀಲು ನುಡಿಸುವ ಹೆಂಗಸು ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಆ ಏಳು ಕಡೆ ಏನು ಸ್ವರ ಇದೆ? ಮೂರು ಸುತ್ತಿನಲ್ಲೂ ಅವನ್ನೇ ಬಿಟ್ಟೆಯಲ್ಲ?"

ವಿಸಲ್ ಊದುವವರು ಉಸಿರಿಗಾಗಿ ಅಲ್ಲೊಂದು ಇಲ್ಲೊಂದು ಸ್ವರ ಬಿಡುವುದು ಸಹಜ. ಆದರೆ ಪ್ರತಿ ಸುತ್ತಿಗೂ ಬೇರೆ ಬೇರೆ ಕಡೆ ಬಿಡುತ್ತಾರೆ. ನಾನು ಬಿಟ್ಟಿದ್ದು ತಾತನ ಉಸಿರು ಸಿಕ್ಕಿಕೊಳ್ಳುತ್ತಿದ್ದ ಕಡೆಗಳಲ್ಲಿ. ಅವರ ಏದುಸಿರನ್ನೇ ನಾನು ಮಟ್ಟು ಎಂದು ಬಾಯಿಪಾಠ ಮಾಡಿದ್ದೆ! ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಆ ಏಳು ಸ್ವರ ಗೊತ್ತಿದ್ದದ್ದು ಇಡೀ ಜಗತ್ತಿನಲ್ಲಿ ಒಬ್ಬರಿಗೆ, ಅವರಿಗೋ ಊದಲು ಉಸಿರೇ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಿದೆ. ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇತ್ತು. ತಪ್ಪೊಪ್ಪಿಕೊಂಡೆ. ಕೇಳಿ ನಕ್ಕರು ನೋಡಿ, ಕೆಮ್ಮು ಹತ್ತಿ ನರ್ಸು ಓಡಿ ಬರುವಷ್ಟು ನಕ್ಕರು. "ನನ್ನ ದಮ್ಮನ್ನೂ ಕಲಿತುಬಿಟ್ಟೆಯಾ? ನೀನೂ ಉಸಿರು ತಗೊಳ್ತಿದ್ದೀಯ ಅಂದ್ಕೊಂಡಿದ್ದೆನಲ್ಲ!" ಎಂದರು. ಗುನುಗಲು ನೋಡಿದರು, ಎರಡು ಸ್ವರಕ್ಕೇ ಮತ್ತೆ ಕೆಮ್ಮು. ಆಮೇಲೆ ಪಕ್ಕದ ಮೇಜಿನ ಮೇಲಿದ್ದ ತಮ್ಮ ವಿಸಲ್ ಕೊಡು ಎಂದು ಕೈ ಮಾಡಿದರು. ಅಭ್ಯಾಸದಂತೆ ಒಂದು ಗಳಿಗೆ ಕಂಕುಳಲ್ಲಿಟ್ಟುಕೊಂಡು, ಎದೆಯ ಮೇಲೆ ಇಟ್ಟು, ತೂತುಗಳ ಮೇಲೆ ಬೆರಳು ಜೋಡಿಸಿದರು.

"ಈಗ ಕಣ್ಣು ಬಿಡು," ಎಂದರು.

ಸದ್ದಿಲ್ಲದೆ ಅವರ ಬೆರಳು ನಡೆದವು. ನೋಡುತ್ತ ನಾನು ನನ್ನ ವಿಸಲ್ಲಿನಲ್ಲಿ ಮೆಲ್ಲಗೆ ಊದಿದೆ. ಮೊದಲನೆಯ ಖಾಲಿ ಜಾಗ ಬಂತು, ನಾನು ನಿಂತೆ, ಬೆರಳು ನಿಲ್ಲಲಿಲ್ಲ. ಎರಡನೆಯದರಲ್ಲೂ ನಿಲ್ಲಲಿಲ್ಲ. ಉಸಿರು ಕೈಕೊಟ್ಟಾಗಲೂ ಅವರ ಬೆರಳು ಒಂದು ಸ್ವರವನ್ನೂ ಬಿಟ್ಟಿರಲಿಲ್ಲ. ಆ ಚಳಿಗಾಲವಿಡೀ ಒಂದೇ ಒಂದು ಸಲ ಅವರ ಮಾತು ಮೀರಿ ಕಣ್ಣು ತೆರೆದಿದ್ದರೆ ನನಗೆ ಅದು ಕಾಣುತ್ತಿತ್ತು... ಅಳು ಬಂದು ನನಗೂ ಊದಲಾಗಲಿಲ್ಲ. ಅವರು ಕಾದರು. ಮೂರನೇ ಸುತ್ತಿಗೆ ಏಳೂ ಸ್ವರ ಸಿಕ್ಕವು, ಕಣ್ಣಲ್ಲೇ ಭೇಷ್ ಎಂದರು. ಅದಾಗಿ ಎರಡು ವಾರಕ್ಕೆ ಹೋಗಿಬಿಟ್ಟರು. ವಿಸಲ್ಲನ್ನು ಅವರ ಮಗಳೇ ತಂದುಕೊಟ್ಟಳು.

ಅದು ಮತ್ತೆ ಕಪ್ಪಿಡುತ್ತಿದೆ. ನಾನು ತಿಕ್ಕುವುದಿಲ್ಲ. ಶನಿವಾರ ಅದನ್ನು ಒರೆಸಿ ಮಗಳ ಕೈಗೇ ಕೊಟ್ಟೆ, ನನ್ನದನ್ನು ನಾನು ತೆಗೆದುಕೊಂಡೆ. ಚಿಕ್ಕಮ್ಮನ ಜಿಗ್ಗನ್ನು ನಾನು ಅವಳಿಗೆ ಪೂರ್ತಿಯಾಗಿ, ಏಳು ಸ್ವರ ಸೇರಿಸಿಯೇ ಕಲಿಸಿದ್ದೇನೆ. ಅವಳು ನೀರು ಕುಡಿದಷ್ಟು ಸಲೀಸಾಗಿ ಊದುತ್ತಾಳೆ. ಜೊತೆಗೆ ಊದುವ ನಾನು ಮಾತ್ರ ಆ ಜಾಗಗಳು ಬಂದರೆ ಇವತ್ತಿಗೂ ನಿಂತುಬಿಡುತ್ತೇನೆ. ನುಡಿಸಲು ಬರುತ್ತದೆ, ಮನಸ್ಸು ಬರುವುದಿಲ್ಲ.

"ಅಮ್ಮಾ, ವೈ ಡು ಯು ಆಲ್ವೇಸ್ ಸ್ಟಾಪ್ ದೇರ್?" ಎಂದು ಕೇಳಿದಳು.

"ಗಾರೆ ತಾತ ಉಸಿರು ತಗೊಳ್ಳಲಿ ಅಂತ," ಎಂದೆ.

"ಓಕೆ. ನೀನು ಸ್ಟಾಪ್ ಮಾಡು. ಅಲ್ಲಿ ನಾನು ಊದ್ತೀನಿ," ಎಂದು ವಿಸಲ್ಲನ್ನು ಕಂಕುಳಲ್ಲಿಟ್ಟುಕೊಂಡಳು, ಬೆಚ್ಚಗಾಗಲಿ ಎಂದು.